ಆ ಸಂಜೆ ಅಜ್ಜಿ ಮನೆ ಫೋನು ಎಂಗೇಜ್ ಇತ್ತು

ಟ್ರೂಕಾಲರ್ ಬಂದಮೇಲೆ ಪ್ರ್ಯಾಂಕ್ ಕಾಲ್ ಮಾಡೋದು ಕಷ್ಟ ಆಗಿದೆ, ಅಮೆರಿಕದ ಪ್ರ್ಯಾಂಕ್ ಕಾಲ್ ಟಿವಿ ಶೋ 'ಕ್ರ್ಯಾಂಕ್ ಯಾಂಕರ್ಸ್' ಥರ ಕನ್ನಡದಲ್ಲೊಂದು ಶೋ ಮಾಡಬೇಕು, ನಂಬರ್ ಕಾಣದ ಹಾಗೆ ಕರೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಯಾರ ನಂಬರೂ ಯಾರಿಗೂ ಕಾಣದ ಕಾಲದಲ್ಲಿ ನಾನು ಇದನ್ನು ಮಾಡಿದ್ದೇನೆ.

1998ರ ಜುಲೈ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗೋ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮನೆ. ನಾನು ಎಸ್ಸೆಸ್ಸೆಲ್ಸಿ. ನಮ್ಮ ಕಡೆ ಮಳೆಗಾಲದಲ್ಲಿ ತಂತಿ ಮೇಲೆ ಕೊಂಬೆ ಬಿದ್ದರೆ ವಾರಗಟ್ಟಲೆ ಫೋನ್ ಡೆಡ್. ಹಾಗಾಗಿ ಲೈನ್‌ಮನ್ ಅಂದ್ರೆ ಎಲ್ಲರಿಗೂ ಗೌರವ, ಅವನು ಹೇಳಿದ್ದೇ ವೇದವಾಕ್ಯ. ಬೇಸಿಗೆ ರಜೆಗೆ ಬೆಂಗಳೂರಿಂದ ಬಂದಿದ್ದ ಚಿಕ್ಕಪ್ಪನ ಮಗ ಒಂದು ಆಟ ಕಲಿಸಿಹೋಗಿದ್ದ. ಅದನ್ನು ಹಳ್ಳದ ಆಚೆ ಒಬ್ಬಳೇ ಇದ್ದ ಅಜ್ಜಿ ಮೇಲೆ ಆಡಿದೆ. ನಮಗೆ ದೂರದ ಸಂಬಂಧ, ನನ್ನನ್ನು ಎತ್ತಿ ಆಡಿಸಿದವಳು.

ಮಧ್ಯಾಹ್ನ ಮೂರೂವರೆ ಹೊತ್ತಿಗೆ ದನಿ ದಪ್ಪ ಮಾಡಿಕೊಂಡು, "ಎಕ್ಸ್‌ಚೇಂಜಿಂದ ಮಾತಾಡೋದು. ಲೈನಿಗೆ ಗಾಳಿ ಹೊಡೆದು ಕ್ಲೀನ್ ಮಾಡ್ತಾ ಇದೀವಿ. ರಿಸೀವರ್ ಎತ್ತಿಟ್ಟು ಚೀಲದಲ್ಲಿ ಕಟ್ಟಿಡಿ, ಇಲ್ಲಾಂದ್ರೆ ಮನೆ ತುಂಬ ಧೂಳು ಬರ್ತದೆ. ಮುಗಿದಮೇಲೆ ನಾವೇ ಫೋನ್ ಮಾಡ್ತೀವಿ, ಅಲ್ಲೀವರೆಗೆ ಮುಟ್ಟಬೇಡಿ" ಅಂದೆ.

"ಆಯ್ತು ಮಾರಾಯ, ಈ ಮಳೇಲಿ ನಿಂಗೂ ಕಷ್ಟ" ಅಂದಳು. ನಾನು ಫೋನ್ ಇಟ್ಟೆ.

ಇಟ್ಟದ್ದೇ ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು. ರಿಸೀವರ್ ಎತ್ತಿಟ್ಟರೆ ಲೈನಿನಲ್ಲಿ ಕರೆಂಟು ಹರೀತಾನೇ ಇರುತ್ತೆ, ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಅವರು ಮಾತಾಡ್ತಾನೇ ಇದ್ದಾರೆ. ಹೊರಗಿಂದ ಯಾರು ಡಯಲ್ ಮಾಡಿದರೂ ಎಂಗೇಜ್. ಅಂದರೆ 'ಮುಗಿದಮೇಲೆ ನಾವೇ ಫೋನ್ ಮಾಡ್ತೀವಿ' ಅಂತ ನಾನು ಹೇಳಿದ ಕರೆ ಆ ಮನೆಗೆ ಹೋಗೋದು ಸಾಧ್ಯವೇ ಇರಲಿಲ್ಲ. ಅಜ್ಜಿ ಬರಲಾರದ ಫೋನಿಗೆ ಕಾಯ್ತಾ ಕೂತಳು. ಕಾಲು ಗಂಟೆ ಬಿಟ್ಟು ನಾನು ಡಯಲ್ ಮಾಡಿ ನೋಡಿದೆ, ಟೂ ಟೂ ಅಂತು, ಖುಷಿಯಾಯ್ತು. ನಿಜ ಹೇಳೋಣ ಅಂತ ಆಮೇಲೆ ಅನ್ನಿಸಿದ್ದರೂ ಫೋನಿನಲ್ಲಿ ಹೇಳೋಕೆ ದಾರಿ ಉಳಿದಿರಲಿಲ್ಲ. ಹಳ್ಳ ದಾಟಿ ಹೋಗಬಹುದಿತ್ತು, ಹತ್ತು ನಿಮಿಷದ ದಾರಿ. ಮಳೆ ಅಂತ ಹೋಗಲಿಲ್ಲ.

ಅಜ್ಜಿಯ ತಮ್ಮನನ್ನು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿ ನಾಲ್ಕು ದಿನ ಆಗಿತ್ತು. ಸುಧಾರಿಸ್ತಾ ಇದ್ದಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಆ ದಿನ ನಾಲ್ಕು ಗಂಟೆಗೆ ಕಾಯಿಲೆ ಜೋರಾಯ್ತು, ಅಕ್ಕನನ್ನು ಕರೆಸಿ ಅಂದರಂತೆ. ಅವರ ಮಗ ಎಸ್‌ಟಿಡಿ ಬೂತಿನಲ್ಲಿ ನಿಂತು ಮತ್ತೆ ಮತ್ತೆ ಡಯಲ್ ಮಾಡಿದ್ದಾನೆ, ಎಂಗೇಜ್. ಐದೂವರೆ ಬಸ್ಸು ಹೋಯ್ತು, ಅದೇ ಕೊನೇದು. ಯಾರ್ಯಾರನ್ನೋ ಕೇಳಿ ನಮ್ಮನೆ ನಂಬರ್ ಹುಡುಕಿ ಅವನು ಫೋನ್ ಮಾಡೋ ಹೊತ್ತಿಗೆ ರಾತ್ರಿ ಎಂಟೂವರೆ.

ಅಪ್ಪ ಬ್ಯಾಟರಿ ಹಿಡಿದು ಹೊರಟರು, ಹಿಂದೆ ನಾನು. ಜಗುಲಿ ಮೂಲೆಯ ಸ್ಟೂಲಿನ ಮೇಲೆ ಫೋನು. ರಿಸೀವರ್ ಬಟ್ಟೆ ಚೀಲದೊಳಗೆ. ಚೀಲದ ಬಾಯಿಗೆ ಬಾಳೆನಾರು ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದಳು. ಪಕ್ಕದಲ್ಲಿ ಮಣೆ ಹಾಕ್ಕೊಂಡು ಕೂತಿದ್ದಳು. ನೆನೆದ ನಾರು, ಅಪ್ಪನಿಗೆ ಗಂಟು ಬಿಡಿಸೋಕೇ ಆಗಲಿಲ್ಲ, ಕತ್ತಿ ತಂದು ಕೊಯ್ದರು. ಅಂಥ ಮಳೇಲಿ ರಾತ್ರಿ ಹೊರಡೋಕೆ ಯಾವ ಗಾಡಿಯೂ ಸಿಗಲಿಲ್ಲ. ಬೆಳಗಿನ ಬಸ್ಸಿಗೆ ಹೋದಳು. ತಮ್ಮ ರಾತ್ರಿಯೇ ಹೋಗಿದ್ದರು.

ಮುಂದಿನ ವಾರ ಲೈನ್‌ಮನ್ ಬಂದಾಗ ಅಜ್ಜಿ, ಅಪ್ಪ, ಊರವರೆಲ್ಲ ಸೇರಿ ಬೈದರು. ನಾನು ಫೋನೇ ಮಾಡಿಲ್ಲ ಅಂತ ಅವನು ಆಣೆ ಇಟ್ಟ. ಯಾರೂ ನಂಬಲಿಲ್ಲ. ನಾನು ಅಲ್ಲೇ ಕಂಬದ ಹಿಂದೆ ನಿಂತಿದ್ದೆ.

ನೀವು ಕೇಳ್ತಿರೋದು ಸಿಕ್ಕಿಬೀಳದ ಹಾಗೆ ಮಾಡೋದು ಹೇಗೆ ಅಂತ. ನಾನು ಸಿಕ್ಕಿಬೀಳಲಿಲ್ಲ. ಅಜ್ಜಿ ಮನೆಯಲ್ಲಿ ನಂಬರ್ ತೋರಿಸೋ ಫೋನ್ ಇದ್ದಿದ್ದರೆ ನಾನು ಫೋನ್ ಮಾಡೋಕೇ ಹೆದರ್ತಿದ್ದೆ, ಮಾಡಿದ್ದರೂ ಸಂಜೆಯೊಳಗೆ ಯಾರಾದರೂ ಬಂದು ನನ್ನ ಕಿವಿ ಹಿಂಡಿ ರಿಸೀವರ್ ಇಡಿಸ್ತಿದ್ದರು. ನಂಬರ್ ಕಾಣೋದು ನಿಮ್ಮ ಶೋಗೆ ಅಡ್ಡಿ ಅಂತ ನಾನು ಒಪ್ಪಲ್ಲ. ಅದು ಕಾಣಲೇಬೇಕು. ಆಪ್ ಹಾಕಿಕೊಂಡು ಬೇರೆ ನಂಬರ್ ತೋರಿಸೋ ಯೋಚನೆ ಇದ್ದರೆ ಈಗಲೇ ಬಿಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

'ಕ್ರ್ಯಾಂಕ್ ಯಾಂಕರ್ಸ್' ಶುರುವಾದದ್ದು 2002ರಲ್ಲಿ, ಅಮೆರಿಕದ ಕಾಮಿಡಿ ಸೆಂಟ್ರಲ್ ಚಾನೆಲ್‌ನಲ್ಲಿ. ದನಿ ನಿಜವಾದ ಕರೆಯದು, ತೆರೆ ಮೇಲೆ ಮಾತ್ರ ಗೊಂಬೆಗಳು. ನೋಡೋರಿಗೆ ನಗು ಬರೋದು ಆ ಕಡೆಯ ಮನುಷ್ಯ ಕಾಣದೇ ಇರೋದರಿಂದ. 2012ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ರೇಡಿಯೊದವರು ಬ್ರಿಟನ್ ರಾಣಿಯ ದನಿ ಮಾಡಿ ಲಂಡನ್ನಿನ ಆಸ್ಪತ್ರೆಗೆ ಫೋನ್ ಮಾಡಿದ್ದು ನೆನಪಿದೆಯಾ? ಆ ಕರೆ ಎತ್ತಿದ ನರ್ಸ್ ನಮ್ಮ ಕರಾವಳಿಯವರು. ಮೂರು ದಿನದಲ್ಲಿ ತೀರಿಕೊಂಡರು, ಮಣ್ಣಾದದ್ದು ನಮ್ಮ ಘಾಟಿ ಇಳಿದರೆ ಸಿಗೋ ಉಡುಪಿ ಜಿಲ್ಲೆಯ ಶಿರ್ವದಲ್ಲಿ.

ಮಾಡಲೇಬೇಕು ಅಂತಿದ್ದರೆ ನಿಮ್ಮದೇ ನಂಬರಿಂದ ಮಾಡಿ. ಕಟ್ ಮಾಡೋ ಮುಂಚೆ, ಅದೇ ಕರೆಯಲ್ಲಿ, ಇದು ತಮಾಷೆ ಅಂತ ಹೇಳಿ, ಅವರು ನಕ್ಕಮೇಲೇ ಇಡಿ. ಒಪ್ಪಿಗೆ ಇಲ್ಲದೆ ಪ್ರಸಾರ ಬೇಡ. ಲೈನ್‌ಮನ್, ಬ್ಯಾಂಕು, ಪೊಲೀಸು, ಆಸ್ಪತ್ರೆ ಅಂತ ಯಾವತ್ತೂ ಹೇಳಬೇಡಿ. ಈಗ 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ದುಡ್ಡು ಕೀಳೋರು ಇದೇ ದನಿ ಮಾಡ್ತಾರೆ.

2004ರಲ್ಲಿ ನಮ್ಮನೆಗೆ ಕಾಲರ್ ಐಡಿ ಇರೋ ಫೋನ್ ಬಂತು. ಮೊದಲ ಸಲ ರಿಂಗಾದಾಗ ಆ ಸಣ್ಣ ಪರದೆ ಮೇಲೆ ಅಜ್ಜಿ ಮನೆ ನಂಬರ್. ನನಗೆ ಎತ್ತೋಕೆ ಆಗಲಿಲ್ಲ, ರಿಂಗಾಗಿ ನಿಂತುಹೋಯ್ತು. ಅವತ್ತೇ ಸಂಜೆ ಹಳ್ಳ ದಾಟಿ ಹೋಗಿ ಎಲ್ಲ ಹೇಳಿದೆ. ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾರೆ ಆ ಲೈನ್‌ಮನ್ ಸುಳ್ಳು ಹೇಳಿರ್ಲಿಲ್ಲ ಅಲ್ದನಾ" ಅಂದಳು. ಒಳಗೆ ಹೋಗಿ ಒಂದು ಬಾಳೆಗೊನೆ ತಂದು ನನ್ನ ಕೈಗಿತ್ತು, ಕತ್ತಲಾಗೋ ಮುಂಚೆ ಅವನ ಮನೆಗೆ ಹೋಗಿ ಹೇಳಿ ಬಾ ಅಂದಳು.