ಆರು ಚಾನೆಲಿನ ಆಂಪ್, ಒಂದು ಸುಟ್ಟ ಟ್ವೀಟರ್

ಪ್ರಶ್ನೆ: ಅಪ್ಪ ತಂದಿದ್ದ ಹಳೇ ತ್ರೀ-ವೇ (ದಪ್ಪ ಸ್ವರಕ್ಕೆ ವೂಫರ್, ನಡುವಿನದಕ್ಕೆ ಮಿಡ್‌ರೇಂಜ್, ತೆಳು ಸ್ವರಕ್ಕೆ ಟ್ವೀಟರ್ ಅಂತ ಮೂರು ಡ್ರೈವರಿನ) ಸ್ಪೀಕರ್ ಜೋಡಿ ಮನೇಲಿ ಉಂಟು. ಒಳಗಿನ ಕ್ರಾಸ್‌ಓವರ್ (ಸ್ವರವನ್ನು ಪಾಲು ಮಾಡಿ ಆಯಾ ಡ್ರೈವರಿಗೆ ಕಳಿಸುವ ಸರ್ಕ್ಯೂಟ್) ಹಾಳಾಗಿದೆ. ಅದನ್ನು ಕಿತ್ತು ಡಿಎಸ್‌ಪಿ (ಅದೇ ಕೆಲಸ ಸಾಫ್ಟ್‌ವೇರಲ್ಲಿ ಮಾಡುವ ಚಿಪ್) ಹಾಕಿ ಆಕ್ಟಿವ್ (ಡ್ರೈವರಿಗೊಂದು ಆಂಪ್) ಮಾಡುವ ಅಂತ ಉಂಟು. ಎಷ್ಟು ಚಾನೆಲ್ ಬೇಕು? ಟಿಪಿಎ3116 ಆಂಪ್ ಬೋರ್ಡಿಗೆ "200 ವ್ಯಾಟ್" ಅಂತ ಬರ್ದಿದ್ದಾರೆ, ನಂಬಬಹುದಾ?
(ಕದ್ರಿಯಿಂದ ಒಬ್ಬರು)

ಉತ್ತರ: ಮೊದಲು ವ್ಯಾಟಿನ ವಿಷಯ ಮುಗಿಸುವ. 24 ವೋಲ್ಟಿನ ಸಪ್ಲೈ ಕೊಟ್ರೆ 8 ಓಮಿನ ವೂಫರಿಗೆ ಸ್ವರ ಒಡೆಯದೆ ಹೋಗುವುದು ಹೆಚ್ಚಂದ್ರೆ 36 ವ್ಯಾಟ್, ಅದೂ ಕಾಗದದ ಮೇಲೆ. 24ನ್ನು 24ರಿಂದ ಗುಣಿಸಿ 16ರಿಂದ (8ರ ಎರಡು ಪಾಲು) ಭಾಗಿಸಿ ನೋಡಿ, ನೀವೇ ಲೆಕ್ಕ ಹಾಕ್ಬಹುದು. ಬೋರ್ಡಿನ ಮೇಲೆ ಏನು ಬೇಕಾದ್ರೂ ಪ್ರಿಂಟ್ ಮಾಡ್ಲಿಕ್ಕಾಗ್ತದೆ, ಅದಕ್ಕೆ ಖರ್ಚಿಲ್ಲ. ಆದ್ರೆ ಮನೆ ಚಾವಡಿಗೆ 36 ವ್ಯಾಟ್ ಧಾರಾಳ ಸಾಕು ಮಾರಾಯ್ರೆ, ನಿಮಗೆ ಬೇಕಾದ್ದು ಹಾಡು ಕೇಳ್ಲಿಕ್ಕೆ, ಆಚೆ ಮನೆಯವರನ್ನು ಎಬ್ಬಿಸ್ಲಿಕ್ಕೆ ಅಲ್ವಲ್ಲ.

ಎರಡು ಪೆಟ್ಟಿಗೆ, ಒಂದೊಂದರಲ್ಲಿ ಮೂರು ಡ್ರೈವರ್, ಒಟ್ಟು ಆರು ಚಾನೆಲ್. ಎಡಿಎಯು1701 ಚಿಪ್ಪಿನ ಅಗ್ಗದ ಡಿಎಸ್‌ಪಿ ಬೋರ್ಡಿಗೆ ಸಿಗ್ನಲ್ ಒಳಗೆ ಬರ್ಲಿಕ್ಕೆ ಎರಡು, ಹೊರಗೆ ಹೋಗ್ಲಿಕ್ಕೆ ನಾಲ್ಕೇ ಚಾನೆಲ್ ಇರುವುದು, ಹಾಗಾಗಿ ಒಂದರಲ್ಲಿ ಎರಡೂ ಪೆಟ್ಟಿಗೆ ಮುಗಿಯೂದಿಲ್ಲ. ನಾನಾದ್ರೆ ಪೆಟ್ಟಿಗೆಗೊಂದು ಬೋರ್ಡ್ ಹಾಕ್ತೇನೆ, ನಾಲ್ಕರಲ್ಲಿ ಮೂರು ಔಟ್ ಬಳಸಿ ಒಂದು ಖಾಲಿ ಬಿಡುವುದು. ಅದಕ್ಕೆ ಪ್ರೋಗ್ರಾಮ್ ಬರೆಯುವ ಸಿಗ್ಮಾ ಸ್ಟುಡಿಯೋ ಸಾಫ್ಟ್‌ವೇರ್ ಫ್ರೀ, ಬ್ಲಾಕ್ ಎಳೆದು ಗೆರೆ ಜೋಡಿಸಿದ್ರೆ ಆಯ್ತು. ವಾಲ್ಯೂಮ್ ಮಾತ್ರ ಕ್ರಾಸ್‌ಓವರಿಗಿಂತ ಮುಂಚೆಯೇ ಇಡಿ, ಮೂರು ಆಂಪಿಗೆ ಮೂರು ನಾಬ್ ಇಟ್ರೆ ದಿನಾ ಬೇರೆ ಬೇರೆ ಸ್ವರ ಕೇಳ್ತೀರಿ.

ಇನ್ನು ಎಲ್ಲರೂ ಎಡವುವ ಜಾಗ. ಟಿಪಿಎ3116 ಆಂಪ್ ಚಿಪ್ಪಿನ ಔಟ್‌ಪುಟ್ಟಲ್ಲಿ ಪ್ಲಸ್ಸೂ ಜೀವಂತ, ಮೈನಸ್ಸೂ ಜೀವಂತ, ಎರಡರಲ್ಲಿ ಯಾವುದೂ ಗ್ರೌಂಡ್ ಅಲ್ಲ. ಹಳೇ ಪೆಟ್ಟಿಗೆಯಲ್ಲಿ ಮೂರು ಡ್ರೈವರಿನ ಮೈನಸ್ ಸಾಧಾರಣವಾಗಿ ಒಂದೇ ಕಪ್ಪು ವಯರಿಗೆ ಬಂದು ಸೇರಿರ್ತದೆ. ಅದನ್ನು ಹಾಗೇ ಬಿಟ್ಟು ಆಂಪ್ ಜೋಡಿಸಿದ್ರೆ ಮೂರು ಚಾನೆಲ್ ಒಂದಕ್ಕೊಂದು ಶಾರ್ಟ್. ಒಂದೊಂದು ಪೆಟ್ಟಿಗೆಯಿಂದ ಆರು ವಯರ್, ಆರೂ ಬೇರೆ ಬೇರೆ ಹೊರಗೆ ಬರ್ಬೇಕು, ಮಲ್ಟಿಮೀಟರ್ ಇಟ್ಟು ನೋಡಿದ ಮೇಲೆಯೇ ಸ್ವಿಚ್ ಹಾಕಿ.

ಪ್ರಶ್ನೆ: ಎಲ್ಲ ಸರಿಯಾಗಿ ಜೋಡಿಸಿದ್ದೆ. ಕರೆಂಟ್ ಹೋಗಿ ಬಂದ ಕೂಡ್ಲೆ ಟಪ್ ಅಂತ ಶಬ್ದ ಬಂದು ಟ್ವೀಟರ್ ಸತ್ತೇ ಹೋಯ್ತು. ತಪ್ಪು ಎಂತ?
(ಸುರತ್ಕಲ್ಲಿಂದ ಬಂದ ಪತ್ರ)

ಉತ್ತರ: ನಿಮ್ಮ ದುಃಖ ನನಗೆ ಗೊತ್ತುಂಟು, ಯಾಕಂದ್ರೆ ನಾನೂ ಒಂದು ಸುಟ್ಟವನೇ. ಅದು ಮಳೆಗಾಲ, ಬೆಳಿಗ್ಗೆಯಿಂದ ಲ್ಯಾಪ್‌ಟಾಪಿಂದ ಫಿಲ್ಟರ್ ತಿದ್ದಿ ತಿದ್ದಿ ಕಡೆಗೊಮ್ಮೆ ಸ್ವರ ಚಂದ ಬಂತು ಅಂತ ಚಾ ಕುಡಿಲಿಕ್ಕೆ ಎದ್ದೆ, ಗುಡುಗಿತು, ಕರೆಂಟ್ ಹೋಯ್ತು, ಬಂತು. ನಾನು ಮಾಡಿದ ಪ್ರೋಗ್ರಾಮ್ ಇದ್ದದ್ದು ಚಿಪ್ಪಿನ ತಾತ್ಕಾಲಿಕ ಮೆಮೊರಿಯಲ್ಲಿ ಮಾತ್ರ, ಕರೆಂಟ್ ಹೋದ್ರೂ ಅಳಿಯದ ಪಕ್ಕದ ಈಪ್ರಾಮ್ ಮೆಮೊರಿಗೆ ಬರೆದೇ ಇರ್ಲಿಲ್ಲ. ಈಪ್ರಾಮಲ್ಲಿ ಇದ್ದದ್ದು ಬೋರ್ಡಿನ ಒಟ್ಟಿಗೆ ಬಂದ ಡೆಮೊ, ಅದರಲ್ಲಿ ಫಿಲ್ಟರೇ ಇಲ್ಲ. ವೂಫರಿಗೆ ಹೋಗ್ಬೇಕಾದ ಬೇಸ್ ಇಡೀ ಟ್ವೀಟರಿಗೆ ಹೋಯ್ತು. ಚಾ ತಣ್ಣಗಾಯ್ತು.

ಕಾಯಿಲ್, ಕೆಪಾಸಿಟರಿನ ಹಳೇ ಪ್ಯಾಸಿವ್ ಕ್ರಾಸ್‌ಓವರ್ ಇರುವಾಗ ಟ್ವೀಟರಿನ ಮುಂದೆ ಒಂದು ಕೆಪಾಸಿಟರ್ ಕಾವಲಿಗೆ ಕೂತಿರ್ತದೆ. ಆಕ್ಟಿವ್ ಮಾಡುವಾಗ ನಾವೇ ಅದನ್ನು ಕಿತ್ತು ಹಾಕುವುದು, ಆಮೇಲೆ ಪಾಪದ ಟ್ವೀಟರಿಗೆ ನಮ್ಮ ಸಾಫ್ಟ್‌ವೇರ್ ಒಂದೇ ಗತಿ. ಅದಕ್ಕೆ ಆ ಕಾವಲುಗಾರನನ್ನು ವಾಪಸ್ ಕೂರಿಸಿ. 8 ಓಮಿನ ಟ್ವೀಟರಿಗೆ ಸೀರೀಸಲ್ಲಿ 20 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿದ್ರೆ ಸುಮಾರು 1000 ಹರ್ಟ್ಸಿನಿಂದ ಕೆಳಗಿನದ್ದು ತಗ್ಗುತ್ತಾ ಹೋಗ್ತದೆ, ಡಿಸಿ ಅಂತೂ ದಾಟುವುದೇ ಇಲ್ಲ. ನಿಮ್ಮ ಕ್ರಾಸ್‌ಓವರ್ ಜಾಗ, ಅಂದ್ರೆ ಟ್ವೀಟರಿಗೆ ಸ್ವರ ದಾಟುವ ಗಡಿ, 3000 ಹರ್ಟ್ಸಿನ ಹತ್ತಿರ ಇದ್ರೆ ಇದರಿಂದ ಸ್ವರ ಕೆಡುವುದು ಅಂತ ಹೇಳುವಷ್ಟೇನಿಲ್ಲ. ಆದ್ರೆ ಫೇಸ್ (ಅಲೆ ಏರಿ ಇಳಿಯುವ ಹೊತ್ತು) ಸ್ವಲ್ಪ ತಿರುಗ್ತದೆ, ಹಾಗಾಗಿ ಮೈಕಿಂದ ಅಳತೆ ಮಾಡುವಾಗ ಕೆಪಾಸಿಟರ್ ಹಾಕಿಕೊಂಡೇ ಮಾಡಿ. ಕೆಲವರು ಇದು ಶುದ್ಧ ಆಕ್ಟಿವ್ ಅಲ್ಲ ಅಂತ ಮೂಗು ಮುರೀತಾರೆ. ಮುರೀಲಿ.

ಇನ್ನೊಂದು ಉಪಾಯ ಗೇನ್, ಅಂದ್ರೆ ಆಂಪ್ ಸಿಗ್ನಲನ್ನು ಎಷ್ಟು ಪಾಲು ದೊಡ್ಡದು ಮಾಡ್ತದೆ ಅಂತ. ಟಿಪಿಎ3116ಕ್ಕೆ 20, 26, 32, 36 ಡಿಬಿ (ಡೆಸಿಬೆಲ್) ಅಂತ ನಾಲ್ಕು ಗೇನ್ ಉಂಟು, ಎರಡು ರೆಸಿಸ್ಟರ್ ಬದಲಿಸಿದ್ರೆ ಆಯ್ತು. ಡಿಎಸ್‌ಪಿಯಿಂದ ಬರುವುದು ಹೆಚ್ಚಂದ್ರೆ 0.9 ವೋಲ್ಟ್. ಟ್ವೀಟರ್ ಆಂಪನ್ನು 20 ಡಿಬಿಗೆ ಇಟ್ರೆ ಅದು ಹತ್ತು ಪಾಲು ಆಗಿ 9 ವೋಲ್ಟ್, ಅಂದ್ರೆ 8 ಓಮಿಗೆ 10 ವ್ಯಾಟ್ ಚಿಲ್ಲರೆ. ಟ್ವೀಟರಿಗೆ ಅಷ್ಟು ಸಾಕು, ಹಾಡು ನಿಂತಾಗ ಕೇಳುವ ಸ್‌ಸ್ ಶಬ್ದವೂ ಕಮ್ಮಿ ಆಗ್ತದೆ.

ಪ್ರಶ್ನೆ: ಅಳತೆ ಗಿಳತೆ ಬೇಕಾ? ನಾನು ಯಕ್ಷಗಾನ ಕೇಳಿ ಕೇಳಿ ಬೆಳೆದವ, ಚೆಂಡೆ ಹಾಕಿ ಕಿವಿಯಲ್ಲೇ ಟ್ಯೂನ್ ಮಾಡಿದ್ರೆ ಸಾಲ್ದಾ?
(ಉಡುಪಿಯ ಓದುಗರು)

ಉತ್ತರ: ಚೆಂಡೆ ಒಳ್ಳೇ ಪರೀಕ್ಷೆಯೇ, ಅದರ ಪೆಟ್ಟು ಮಂಕಾದ್ರೆ ಕರಾವಳಿಯವರಿಗೆ ಯಾರೂ ಹೇಳಿ ಕೊಡ್ಬೇಕಂತಿಲ್ಲ. ಆದ್ರೆ ಮಂಕು ಯಾಕೆ ಅಂತ ಕಿವಿ ಹೇಳೂದಿಲ್ಲ, ಮೈಕ್ ಹೇಳ್ತದೆ. ರೂಮ್ ಇಕ್ಯು ವಿಝರ್ಡ್ ಅನ್ನುವ ಅಳತೆಯ ಸಾಫ್ಟ್‌ವೇರ್ ಫ್ರೀ ಸಿಗ್ತದೆ, ಒಂದು ಯುಎಸ್‌ಬಿ ಮೆಷರ್‌ಮೆಂಟ್ ಮೈಕ್ ಬೇಕು.

ನಾನು ಮಾಡುವ ಕ್ರಮ ಹೇಳ್ತೇನೆ. ಲಿಂಕ್‌ವಿಟ್ಝ್-ರೈಲಿ ಅನ್ನುವ ಕಡಿದಾದ 24 ಡಿಬಿ ಫಿಲ್ಟರ್ ಹಾಕ್ತೇನೆ, ಇದರಲ್ಲಿ ಕ್ರಾಸ್‌ಓವರ್ ಜಾಗದಲ್ಲಿ ಅಕ್ಕಪಕ್ಕದ ಎರಡೂ ಡ್ರೈವರ್ 6 ಡಿಬಿ ಕೆಳಗೆ ಇದ್ದು ಒಟ್ಟಿಗೆ ಸೇರಿದಾಗ ಸಪಾಟಾಗ್ತದೆ. ಮತ್ತೆ ಟ್ವೀಟರಿನ ಪ್ಲಸ್ ಮೈನಸ್ ಬೇಕಂತಲೇ ಅಡಿಮೇಲು ಮಾಡಿ ಅಳೀತೇನೆ. ಎರಡೂ ಒಂದೇ ಹೊತ್ತಿಗೆ ಮೈಕಿಗೆ ತಲುಪ್ತಾ ಇದ್ರೆ ಆಗ ಕ್ರಾಸ್‌ಓವರ್ ಜಾಗದಲ್ಲಿ ಬಾವಿಯ ಹಾಗೆ ಆಳದ ಗುಂಡಿ ಕಾಣ್ಬೇಕು. ಗುಂಡಿ ಆಳ ಇಲ್ದಿದ್ರೆ ಡಿಲೇ (ಸ್ವರವನ್ನು ತಡ ಮಾಡಿ ಕಳಿಸುವ ಹೊತ್ತು) ತಿದ್ದಬೇಕು. ಸಾಧಾರಣವಾಗಿ ದೊಡ್ಡ ಡ್ರೈವರಿನ ಕಾಯಿಲ್ ಹಿಂದೆ ಇರ್ತದೆ, ಹಾಗಾಗಿ ಕಾಯ್ಬೇಕಾದ್ದು ಟ್ವೀಟರ್. ಸೆಕೆಂಡಿಗೆ 48,000 ಸ್ಯಾಂಪಲಲ್ಲಿ ಒಂದು ಸ್ಯಾಂಪಲ್ ಅಂದ್ರೆ ಗಾಳಿಯಲ್ಲಿ 7 ಮಿಲಿಮೀಟರ್ ಚಿಲ್ಲರೆ, 3 ಸೆಂಟಿಮೀಟರ್ ಹಿಂದೆ ಇದ್ರೆ ನಾಲ್ಕು ಸ್ಯಾಂಪಲ್. ಗುಂಡಿ ಆಳ ಆದ ಮೇಲೆ ವಯರ್ ವಾಪಸ್ ಸರಿ ಮಾಡ್ಲಿಕ್ಕೆ ಮರೀಬೇಡಿ, ನಾನು ಒಮ್ಮೆ ಎರಡು ದಿನ ಹಾಗೇ ಕೇಳಿದ್ದೆ!

ಆಟಿಯಲ್ಲಿ ಹಂಚಿನ ಮನೇಲಿ ಇದಕ್ಕೆ ಕೂರ್ಬೇಡಿ, ಮೈಕಿಗೆ ಮಳೆಯೇ ಕೇಳುವುದು.

ಪ್ರಶ್ನೆ: ಸಮುದ್ರದ ಹತ್ತಿರ ಮನೆ, ಬೋರ್ಡೆಲ್ಲ ಹಸಿರು ಹಿಡೀತದೆ. ಫ್ಯಾನ್ ಇಡ್ಬೇಕಾ?
(ಮಲ್ಪೆ)

ಉತ್ತರ: ಬೇಡವೇ ಬೇಡ. ಫ್ಯಾನ್ ಇಟ್ರೆ ಉಪ್ಪುಗಾಳಿಯನ್ನು ನೀವೇ ಒಳಗೆ ಕರೆದ ಹಾಗೆ. ಟಿಪಿಎ3116ರ ಹಾಗಿನ ಕ್ಲಾಸ್ ಡಿ ಆಂಪ್ ಬಿಸಿ ಆಗುವುದು ಕಮ್ಮಿ, ದೊಡ್ಡ ಹೀಟ್‌ಸಿಂಕ್ ಹೊರಗೆ ಇಟ್ಟು ಪೆಟ್ಟಿಗೆ ಮುಚ್ಚಿ ಬಿಡಿ. ಬೋರ್ಡ್ ತೊಳೆದು ಒಣಗಿಸಿ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ವಾರ್ನಿಶಿನ ಹಾಗಿನ ಲೇಪ) ಹೊಡೀರಿ, ಕನೆಕ್ಟರಿಗೆ ಟೇಪ್ ಸುತ್ತಿ ಹೊಡೀರಿ, ಇಲ್ಲಾಂದ್ರೆ ಅದರ ಒಳಗೂ ಕೋಟಿಂಗ್ ಕೂತು ಹೋಗ್ತದೆ. ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಿ ಕೋಟಿಂಗ್ ಮಾಡ್ಲಿಕ್ಕೆ ಹೋಗ್ಬೇಡಿ, ಅದರ ಒಳಗಿನ ಕೆಪಾಸಿಟರಲ್ಲಿ 325 ವೋಲ್ಟ್ ಡಿಸಿ ಇರ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳೀತದೆ. ಲೋಹದ ಪೆಟ್ಟಿಗೆಗೆ ಅರ್ತಿಂಗ್ ಕಡ್ಡಾಯ.

ಪ್ರಶ್ನೆ: ಕ್ಲಾಸ್ ಡಿ ಅಂದ್ರೆ ಡಿಜಿಟಲ್ ಅಂತಲಾ?
(ಕುಂದಾಪುರ)

ಉತ್ತರ: ಅಲ್ಲ. ಎ, ಬಿ, ಸಿ ಆದ ಮೇಲೆ ಉಳಿದ ಅಕ್ಷರ ಅದು.