ಗಾಡಿಯೊಳಗಿನ ಹಂಡೆ ಎಲ್ಲುಂಟು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಒಳಗೇ ಅಡುಗೆಮನೆ, ಹಾಸಿಗೆ, ಬಚ್ಚಲು ಇರುವ ಗಾಡಿ, ಅಂದ್ರೆ ಮೋಟರ್‌ಹೋಮ್ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಪ್ಪಾಯ್ತು ನೋಡಿ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ, ಅದರಲ್ಲೂ ಎಲ್ಲರಿಗೂ ಬೇಕಾದ್ದು ಬಿಸಿನೀರಿನ ವಿಷಯ. ಅಡುಗೆ ಎಲ್ಲಿ ಮಾಡೋದು, ಮಲಗೋದು ಎಲ್ಲಿ ಅಂತ ಒಬ್ಬರೂ ಕೇಳಿಲ್ಲ. ನಮ್ಮ ಕಾಸರಗೋಡಿನ ಕಡೆಯವರಿಗೆ ಊಟ ತಡವಾದ್ರೂ ನಡೀತದೆ, ಸ್ನಾನಕ್ಕೆ ಬಿಸಿನೀರಿಲ್ಲ ಅಂದ್ರೆ ಆಗೋದಿಲ್ಲ.

ಪ್ರ: ಮಗಳು ಅಳಿಯ ಜರ್ಮನಿಯಲ್ಲಿದ್ದಾರೆ. ಕಳೆದ ನವೆಂಬರಲ್ಲಿ ನಾವು ಹೋಗಿದ್ದಾಗ ಒಂದು ಮೋಟರ್‌ಹೋಮ್ ಬಾಡಿಗೆಗೆ ತಗೊಂಡು ಬೆಟ್ಟದ ಕಡೆ ಹೋದೆವು. ರಾತ್ರಿ ಗ್ಯಾಸ್ ಯಾಕೆ ಸುಮ್ಮನೆ ಅಂತ ಹೀಟರ್ ಆಫ್ ಮಾಡಿ ಎರಡೆರಡು ರಗ್ಗು ಹೊದ್ದು ಮಲಗಿದೆವು. ಬೆಳಗ್ಗೆ ನೋಡಿದ್ರೆ ಬಿಸಿನೀರಿನ ನಳ್ಳಿಯಲ್ಲಿ ಒಂದು ಹನಿ ಇಲ್ಲ, ಗಾಡಿಯ ಅಡಿಯಲ್ಲಿ ನೀರು ಚೆಲ್ಲಿ ಗಾಜಿನ ಹಾಗೆ ಗಟ್ಟಿಯಾಗಿತ್ತು. ಆದ್ರೆ ಹೀಟರ್ ಹಾಕಿದ್ರೆ ಬಿಸಿಗಾಳಿ ಮಾತ್ರ ಚೆಂದ ಬರ್ತಿತ್ತು. ಬಾಡಿಗೆಯವರಿಗೆ ಫೋನ್ ಮಾಡಿದ್ರೆ ಎಂತದೂ ಹಾಳಾಗಿಲ್ಲ ಅಂತಾರೆ. ಹಂಡೆ ಖಾಲಿ, ಆದ್ರೂ ಹಾಳಾಗಿಲ್ಲ, ಇದು ಹೇಗೆ? (ಬದಿಯಡ್ಕದ ಓದುಗರು)

ಉ: ಅವರು ಹೇಳಿದ್ದು ಸರಿ ಮಾರಾಯ್ರೆ. ಹಂಡೆ ತಾನಾಗಿಯೇ ನೀರು ಚೆಲ್ಲಿಕೊಂಡಿದೆ, ಚೆಲ್ಲದಿದ್ರೆ ಒಡೆದು ಹೋಗ್ತಿತ್ತು.

ಸ್ವಲ್ಪ ಬುಡದಿಂದಲೇ ಹೇಳ್ತೇನೆ. ನಿಮ್ಮ ಮನೇಲಿ ಹಳೇ ಬಚ್ಚಲು ಇನ್ನೂ ಉಂಟಾ? ಅಲ್ಲಿ ತಾಮ್ರದ ಹಂಡೆ, ಅಡಿಗೆ ಒಲೆ, ಒಲೆಗೆ ಮಡಲು ಗೆರಟೆ ತುಂಬಿಸೋದು, ಮತ್ತೆ ಆಟಿ ತಿಂಗಳ ಮಳೆಗೆ ಒಣಗದ ಬೈರಾಸನ್ನೆಲ್ಲ ಅದೇ ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕೋದು. ಬೆಂಕಿ ಒಂದೇ, ಕೆಲಸ ಎರಡು. ಮೋಟರ್‌ಹೋಮಿನ ಹೀಟರ್ ಪೆಟ್ಟಿಗೆಯೂ ಅದೇ, ನೀರು ಗಾಳಿ ಎರಡನ್ನೂ ಕಾಯಿಸ್ತದೆ, ಅದಕ್ಕೇ ಕಾಂಬಿ (ಕಾಂಬಿನೇಶನ್) ಅಂತ ಹೆಸರು ಬಂದದ್ದು. ಯುರೋಪಿನ ಗಾಡಿಗಳಲ್ಲಿ ಜಾಸ್ತಿ ಕಾಣೋದು ಜರ್ಮನಿಯ ಟ್ರೂಮಾ ಕಂಪೆನಿಯ ಕಾಂಬಿ, 4 ಕಿಲೋವಾಟಿನದ್ದೊಂದು 6 ಕಿಲೋವಾಟಿನದ್ದೊಂದು, ಎರಡರಲ್ಲೂ ನೀರು ಹಿಡಿಯೋದು 10 ಲೀಟರ್ ಅಷ್ಟೆ. ನಡುವೆ ಗ್ಯಾಸಿನ ಉರಿ, ಅದರ ಸುತ್ತ ಶಾಖ ಎಳ್ಕೊಳ್ಳುವ ಲೋಹದ ಏಣು ಏಣು ಭಾಗ, ಅದರ ಸುತ್ತ ನೀರಿನ ಟ್ಯಾಂಕಿ. ಒಂದು ಫ್ಯಾನು ಗಾಡಿಯೊಳಗಿನ ತಣ್ಣನೆ ಗಾಳಿಯನ್ನ ಎಳ್ಕೊಂಡು ಆ ಬಿಸಿಯ ಮೇಲೆ ಹಾಯಿಸಿ ದಪ್ಪ ಪೈಪುಗಳಲ್ಲಿ ಹಾಸಿಗೆ ಹತ್ರ, ಬಚ್ಚಲ ಹತ್ರ ಬಿಡ್ತದೆ. ಬೇಸಗೆಯಲ್ಲಿ ನೀರು ಮಾತ್ರ ಸಾಕು ಅಂದ್ರೆ ಆ ಫ್ಯಾನು ತಿರುಗೋದೇ ಇಲ್ಲ. ಹಾಗೇನೇ ಟ್ಯಾಂಕಿಯಲ್ಲಿ ನೀರು ಇಲ್ಲದಿದ್ರೂ ಗಾಳಿ ಬಿಸಿ ಮಾಡಬಹುದು, ನಿಮಗೆ ನೀರಿಲ್ಲದೆ ಬಿಸಿಗಾಳಿ ಬಂದದ್ದು ಹಾಗೆ.

ಇನ್ನು ಚೆಲ್ಲಿದ ಕತೆ. ನೀರು ಮಂಜುಗಡ್ಡೆ ಆಗುವಾಗ ಹಿಗ್ಗುತ್ತದೆ, 100 ಭಾಗ ಇದ್ದದ್ದು ಹತ್ತಿರಹತ್ತಿರ 109 ಭಾಗ ಆಗ್ತದೆ, ಮುಚ್ಚಿದ ಟ್ಯಾಂಕಿಯಲ್ಲಿ ಅದಕ್ಕೆ ಜಾಗ ಎಲ್ಲಿ? ಅದಕ್ಕೆ ಟ್ಯಾಂಕಿಯ ಪಕ್ಕ ಒಂದು ವಾಲ್ವ್ ಇಟ್ಟಿರ್ತಾರೆ, ಟ್ರೂಮಾದವರು ಫ್ರಾಸ್ಟ್ ಕಂಟ್ರೋಲ್ ಅಂತಾರೆ. ಅದಕ್ಕೆ ಕರೆಂಟೂ ಬೇಡ, ನಮ್ಮ ಅಪ್ಪಣೆಯೂ ಬೇಡ. ಅದು ಇರುವ ಜಾಗದ ಬಿಸಿ ಸುಮಾರು 3 ಡಿಗ್ರಿಗೆ ಇಳಿದ್ರೆ ಟಕ್ ಅಂತ ತೆರ್ಕೊಂಡು ಎಲ್ಲ ನೀರನ್ನ ಗಾಡಿಯ ಅಡಿಗೆ ಬಿಟ್ಟುಬಿಡ್ತದೆ. ಕೆಲವು ಗಾಡಿಗಳಲ್ಲಿ ಪಂಪು ಪೈಪಿನ ಒತ್ತಡ ನೋಡಿ ಆನ್ ಆಗುವ ಜಾತಿಯದ್ದು, ಅಂಥದ್ದಾದ್ರೆ ಒತ್ತಡ ಇಳೀತು ಅಂತ ಪಂಪೂ ಓಡ್ಲಿಕ್ಕೆ ಶುರುಮಾಡಿ ದೊಡ್ಡ ಟ್ಯಾಂಕಿಯ ನೀರನ್ನೂ ಅದೇ ದಾರಿಯಲ್ಲಿ ಖಾಲಿ ಮಾಡ್ತದೆ, ಹಾಗಾಗಿ ಮಲಗುವಾಗ ಪಂಪಿನ ಸ್ವಿಚ್ ಆಫ್ ಮಾಡೋದು ಒಳ್ಳೆ ಅಭ್ಯಾಸ.

ಎಲ್ಲರೂ ಸಿಕ್ಕಿಬೀಳೋದು ಎಲ್ಲಿ ಅಂದ್ರೆ ಆ ವಾಲ್ವನ್ನ ಪುನಃ ಮುಚ್ಚುವಾಗ. ಅದರ ಬಟನ್ ಒತ್ತಿದ್ರೆ ನಿಲ್ಲೋದಿಲ್ಲ, ಹೊರಗೆ ಬರ್ತದೆ, ಹಾಳಾಯ್ತು ಅಂತ ಗ್ರಹಿಸ್ತಾರೆ. ಅದರ ಸುತ್ತಲಿನ ಬಿಸಿ 7 ಡಿಗ್ರಿ ದಾಟದೆ ಅದು ಮುಚ್ಚೋದಿಲ್ಲ, ಅದರ ಗುಣವೇ ಹಾಗೆ. ಮೊದಲು ಗಾಳಿಯ ಹೀಟರ್ ಹಾಕಿ, ವಾಲ್ವ್ ಇರುವ ಕಪಾಟಿನ ಬಾಗಿಲು ತೆರೆದಿಡಿ, ಅದು ಹೆಚ್ಚಾಗಿ ಮಂಚದ ಅಡಿಯಲ್ಲೋ ಬೀರುವಿನ ಬುಡದಲ್ಲೋ ಇರ್ತದೆ, ಅರ್ಧ ಗಂಟೆ ಬಿಟ್ಟು ಮುಚ್ಚಿ. ಮತ್ತೆ ಪಂಪ್ ಹಾಕಿ ಬಿಸಿನೀರಿನ ನಳ್ಳಿ ತೆರೆದಿಡಿ, ಮೊದಲು ಪುಸ್ ಪುಸ್ ಅಂತ ಗಾಳಿ, ಆಮೇಲೆ ಉಗುಳಿದ ಹಾಗೆ ನೀರು, ಕೊನೆಗೆ ಒಂದೇ ಧಾರೆ ಬರ್ತದೆ, ಆಗ ಟ್ಯಾಂಕಿ ತುಂಬಿತು ಅಂತ ಲೆಕ್ಕ. ಕೆಲವರು ಆ ವಾಲ್ವಿನ ಬಟನ್ ಹೊರಗೆ ಬಾರದ ಹಾಗೆ ಬಟ್ಟೆಯ ಕ್ಲಿಪ್ ಸಿಕ್ಕಿಸ್ತಾರೆ, ಬುದ್ಧಿವಂತಿಕೆ ಅಂತ ಕಾಣ್ತದೆ, ಬಾಡಿಗೆ ಗಾಡಿಯಲ್ಲಿ ಮಾತ್ರ ಮಾಡಬೇಡಿ. ಒಡೆದ ಟ್ಯಾಂಕಿಯ ದುಡ್ಡು ಕೊಡಬೇಕಾದೀತು.

ಪ್ರ: ಕೇರಳ ಸರ್ಕಾರ 2021ರಲ್ಲಿ ಕೆರವಾನ್ ಕೇರಳ ಅಂತ ಕಾರವಾನ್ ಪ್ರವಾಸದ ಯೋಜನೆ ತಂದಾಗಿನಿಂದ ನನಗೂ ಒಂದು ಆಸೆ. ಹಳೇ ಟೆಂಪೋ ಟ್ರಾವೆಲರ್ ಒಂದು ಉಂಟು, ಕಾರವಾನ್ ಮಾಡ್ಬೇಕು. ಗ್ಯಾಸ್ ಅಂದ್ರೆ ಹೆದರಿಕೆ, 12 ವೋಲ್ಟ್ ಬ್ಯಾಟರಿಯಲ್ಲೇ ಗೀಸರ್ ಓಡಿಸಬಹುದಾ? (ಉಪ್ಪಳದ ಓದುಗರು)

ಉ: ಓಡಿಸಬಹುದು, ಒಂದು ಸ್ನಾನದವರೆಗೆ. ಲೆಕ್ಕ ನೋಡಿ. ನಮ್ಮ ಬಾವಿ ನೀರು 27 ಡಿಗ್ರಿ ಇದ್ರೆ 10 ಲೀಟರನ್ನ 60 ಡಿಗ್ರಿಗೆ ಏರಿಸ್ಲಿಕ್ಕೆ ಬೇಕಾದ್ದು 0.38 ಯೂನಿಟ್ ಕರೆಂಟು. ಮನೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಆದ್ರೆ 12 ವೋಲ್ಟಿನ 100 ಆಂಪ್ ಅವರ್ ಬ್ಯಾಟರಿಯಲ್ಲಿ ಇರೋದೇ 1.2 ಯೂನಿಟ್, ಲೆಡ್ ಆಸಿಡ್ ಆದ್ರೆ ಬಾಳಿಕೆ ಬರಬೇಕು ಅಂತ ಅರ್ಧವೇ ಬಳಸೋದು. ಅಂದ್ರೆ ಒಂದು ಟ್ಯಾಂಕಿ ಬಿಸಿನೀರಿಗೆ ಬಳಸುವ ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯ್ತು. ಸಾಲದ್ದಕ್ಕೆ 900 ವಾಟಿನ ಕಾಯಿಲನ್ನ 12 ವೋಲ್ಟಲ್ಲಿ ಉರಿಸಿದ್ರೆ 75 ಆಂಪ್ ಹರೀತದೆ, ಅದಕ್ಕೆ ವಯರು ಕಿರುಬೆರಳಿನಷ್ಟು ದಪ್ಪ ಬೇಕು ಅಂತ ಎಲೆಕ್ಟ್ರಿಷಿಯನ್ ಹೇಳಿದಾಗ ನಿಮ್ಮ ಆಸೆ ಅರ್ಧ ಇಳೀತದೆ. ಗ್ಯಾಸ್ ಪೆಟ್ಟಿಗೆಯಲ್ಲಿ 12 ವೋಲ್ಟ್ ಬೇಕಾಗೋದು ಫ್ಯಾನಿಗೆ, ಕಂಟ್ರೋಲ್ ಬೋರ್ಡಿಗೆ ಅಷ್ಟೆ, ಶಾಖಕ್ಕೆ ಅಲ್ಲ. ಅದಕ್ಕೇ ಬ್ಯಾಟರಿ ಪೂರ್ತಿ ಇಳಿದ್ರೆ ಸಿಲಿಂಡರ್ ತುಂಬ ಗ್ಯಾಸ್ ಇದ್ರೂ ಹೀಟರ್ ಹೊತ್ತಿಕೊಳ್ಳೋದಿಲ್ಲ.

ಕಾಂಬಿಯಲ್ಲೇ ಕರೆಂಟಿನ ಕಾಯಿಲ್ ಇರುವ ಮಾಡೆಲ್ ಉಂಟು, ಅದು 230 ವೋಲ್ಟಿನದ್ದು, 900 ಅಥವಾ 1800 ವಾಟ್. ಕಾರವಾನ್ ಪಾರ್ಕಿನಲ್ಲೋ ನೆಂಟರ ಮನೆ ಅಂಗಳದಲ್ಲೋ ಪ್ಲಗ್ ಹಾಕಿದಾಗ ಉಪಯೋಗ. 900 ವಾಟಿಗೆ ನಮ್ಮ 6 ಆಂಪ್ ಪ್ಲಗ್ ಸಾಕು, 1800ಕ್ಕೆ 16 ಆಂಪಿನದ್ದೇ ಬೇಕು.

ನನ್ನನ್ನ ಕೇಳಿದ್ರೆ ನಿಮಗೆ ಎಂಜಿನ್ ಬಿಸಿಯಲ್ಲಿ ನೀರು ಕಾಯಿಸುವ ಟ್ಯಾಂಕಿ ಒಳ್ಳೆದು. ರೇಡಿಯೇಟರಿಗೆ ಹೋಗುವ ಕೂಲೆಂಟ್ 80-90 ಡಿಗ್ರಿ ಇರ್ತದೆ, ಅದನ್ನ ಒಂದು ಸುರುಳಿ ಪೈಪಲ್ಲಿ ಟ್ಯಾಂಕಿಯೊಳಗೆ ಹಾಯಿಸಿ ವಾಪಸ್ ತರೋದು. ಉಪ್ಪಳದಿಂದ ಬೇಕಲ ಕೋಟೆಗೆ ಹೋಗಿ ಗಾಡಿ ನಿಲ್ಲಿಸಿದ್ರೆ ನೀರು ಬಿಸಿ ಆಗಿಯೇ ಇರ್ತದೆ, ಒಂದು ಪೈಸೆ ಹೆಚ್ಚಿಗೆ ಖರ್ಚಿಲ್ಲ. ಆದ್ರೆ ಆ ನೀರು ಮೈಸುಡುವಷ್ಟು ಬಿಸಿ ಇರ್ತದೆ, ಮಕ್ಕಳಿದ್ರೆ ತಣ್ಣೀರನ್ನ ತಾನೇ ಬೆರೆಸಿಕೊಡುವ ಮಿಕ್ಸಿಂಗ್ ವಾಲ್ವ್ ಹಾಕಿಸಲೇಬೇಕು. ಕೋಣೆ ಬಿಸಿ ಮಾಡುವ ಹೀಟರ್ ನಿಮಗೆ ಯಾಕೆ? ನಮ್ಮ ಸೆಕೆಗೆ ಫ್ಯಾನಿಗೆ ಕರೆಂಟ್ ಉಳಿಸಿ.

ಪ್ರ: ಮನೆಯ ಗ್ಯಾಸ್ ಗೀಸರನ್ನೇ ಗಾಡಿಯ ಬಚ್ಚಲಿಗೆ ಫಿಟ್ ಮಾಡಿದ್ರೆ ಎಂತ ತೊಂದರೆ? ರೇಟು ಹತ್ತನೇ ಒಂದು ಪಾಲು ಅಲ್ವಾ? (ಕುಂಬಳೆಯ ಓದುಗರು)

ಉ: ಬೇಡ. ರೇಟಿನ ಮಾತೇ ಬೇಡ. ಆ ಗೀಸರ್ ಉರಿಯೋದು ಕೋಣೆಯ ಗಾಳಿಯನ್ನೇ ತಗೊಂಡು, ಬಿಡೋದೂ ಕೋಣೆಗೇ. ಗಾಡಿಯ ಬಚ್ಚಲು ಅಂದ್ರೆ ಒಂದು ಕಪಾಟಿನಷ್ಟು ಜಾಗ, ಗಾಳಿ ಮುಗಿದ ಹಾಗೆ ಉರಿ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಬರ್ತದೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ತಲೆ ಸುತ್ತಿ ಬೀಳುವವರೆಗೆ ಗೊತ್ತಾಗೋದಿಲ್ಲ. ಮೋಟರ್‌ಹೋಮಿನ ಕಾಂಬಿಯಲ್ಲಿ ಉರಿಯ ಕೋಣೆ ಪೂರ್ತಿ ಮುಚ್ಚಿದ್ದು. ಗೋಡೆಯಲ್ಲೋ ಮಾಡಿನಲ್ಲೋ ಒಂದು ಬಾಯಿ, ಅದಕ್ಕೆ ಪೈಪಿನೊಳಗೆ ಪೈಪು, ಒಂದರಲ್ಲಿ ಹೊರಗಿನ ಗಾಳಿ ಉರಿಗೆ, ಇನ್ನೊಂದರಲ್ಲಿ ಹೊಗೆ ಹೊರಗೆ. ನಾವು ಉಸಿರಾಡುವ ಗಾಳಿಗೂ ಆ ಉರಿಗೂ ಸಂಬಂಧವೇ ಇಲ್ಲ. ಚಳಿಗೆ ಅಡುಗೆ ಒಲೆ ಹಚ್ಚಿಟ್ಟು ಮಲಗೋದೂ ಗೀಸರಿನಷ್ಟೇ ಅಪಾಯ. ಮತ್ತೆ ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ಕೂತ್ಕೊಳ್ತದೆ, ಸಿಲಿಂಡರ್ ಗೂಡಿನ ಅಡಿಯಲ್ಲಿ ತೂತು ಬಿಟ್ಟಿರೋದು ಅದಕ್ಕೇ, ಇಲಿ ಬರ್ತದೆ ಅಂತ ಅದನ್ನ ಮುಚ್ಚುವವರನ್ನೂ ನೋಡಿದ್ದೇನೆ.

ಪ್ರ: ಆ ಬಿಸಿಗಾಳಿಯಲ್ಲಿ ಅಡಿಕೆ ಒಣಗೀತಾ? (ಮುಳ್ಳೇರಿಯದ ಓದುಗರು)

ಉ: ಒಣಗೀತು. ಗ್ಯಾಸಿನ ಬಿಲ್ಲು ನೋಡಿ ನೀವೂ ಒಣಗ್ತೀರಿ.

ಪ್ರ: ನಮ್ಮ ಗುಂಪು ಬಾಡಿಗೆ ಕಾರವಾನಿನಲ್ಲಿ ಮೂನಾರಿಗೆ ಹೋಗಿತ್ತು. ಮೊದಲು ಸ್ನಾನಕ್ಕೆ ಹೋದವರಿಗೆ ಐದು ನಿಮಿಷ ಬಿಸಿನೀರು, ನಂತರದವರಿಗೆ ಬರೀ ಉಗುರುಬೆಚ್ಚಗೆ. ಎರಡನೇ ದಿನ ಎಲ್ಲರಿಗೂ ಉಗುರುಬೆಚ್ಚಗೇ, ಬೋರ್ಡಿನಲ್ಲಿ ಮಾತ್ರ 60 ಡಿಗ್ರಿ ಅಂತ ತೋರಿಸ್ತಿತ್ತು. (ತಾಳವಾಡಿಯ ಓದುಗರು)

ಉ: ಮೊದಲ ದಿನದ್ದು ತೊಂದರೆಯೇ ಅಲ್ಲ. 60 ಡಿಗ್ರಿಯ 10 ಲೀಟರಿಗೆ ತಣ್ಣೀರು ಬೆರೆಸಿ 40 ಡಿಗ್ರಿಗೆ ಹದ ಮಾಡಿದ್ರೆ ನಮ್ಮ ಊರಲ್ಲಾದ್ರೆ 25 ಲೀಟರ್ ಸಿಗ್ತದೆ, ಮೂನಾರಿನ ತಣ್ಣೀರಿಗೆ ಇನ್ನೂ ಕಡಿಮೆ, ಒಂದೂಕಾಲು ಬಾಲ್ದಿ ಅಂತಿಟ್ಕೊಳ್ಳಿ. ಶವರ್ ಬಿಟ್ಟು ನಿಂತ್ರೆ ಐದು ನಿಮಿಷಕ್ಕೆ ಮುಗೀತು. ಮೈಗೆ ನೀರು ಹಾಕಿ, ನಳ್ಳಿ ಮುಚ್ಚಿ, ಸೋಪು ಹಚ್ಚಿ, ಆಮೇಲೆ ತೊಳೆದುಕೊಳ್ಳಬೇಕು, ಮತ್ತೆ ಮುಂದಿನವರು 20 ನಿಮಿಷ ಕಾಯಬೇಕು.

ಎರಡನೇ ದಿನದ್ದು ಬೇರೆ. ಇದೇ ತರದ ಒಂದು ಗಾಡಿ ನನ್ನ ವರ್ಕ್‌ಶಾಪಿಗೆ ಬಂದಿತ್ತು, ಅರ್ಧ ದಿನ ಹೀಟರ್ ಬಿಚ್ಚಿ ಜೋಡಿಸಿ ಮಾಡಿದೆ, ಎಂತದೂ ಸಿಗಲಿಲ್ಲ. ಕೊನೆಗೆ ಪೈಪುಗಳನ್ನ ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡ್ತಾ ಹೋದೆ, ಟ್ಯಾಂಕಿಯಿಂದ ಹೊರಡುವ ಪೈಪು ಮುಟ್ಲಿಕ್ಕೆ ಆಗದಷ್ಟು ಬಿಸಿ, ಒಂದು ಮಾರು ಮುಂದೆ ಹೋದ್ರೆ ಬೆಚ್ಚಗೆ. ನಡುವೆ ಪೈಪು ಕವಲೊಡೆಯುವ ಒಂದು ಟೀ ಜಾಯಿಂಟ್, ಅದರ ದಾರಿ ಹಿಡಿದು ಹೋದ್ರೆ ಗಾಡಿಯ ಹಿಂದೆ ಕಾಲು ತೊಳೀಲಿಕ್ಕೆ ಅಂತ ಇಟ್ಟ ಹೊರಗಿನ ಶವರ್. ಯಾರೋ ಅದರ ಬಿಸಿ, ತಣ್ಣನೆ ಎರಡೂ ತಿರುಪು ತೆರೆದಿಟ್ಟು ಶವರ್ ಕೈಹಿಡಿಯ ಬಟನ್ ಮಾತ್ರ ಮುಚ್ಚಿಟ್ಟಿದ್ರು. ನೀರು ಹೊರಗೆ ಬರೋದಿಲ್ಲ, ಆದ್ರೆ ಒಳಗೊಳಗೇ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಎಲ್ಲ ನಳ್ಳಿಗೂ ಬೆರೆತೇ ಹೋಗ್ತಿತ್ತು. ಎರಡು ತಿರುಪು ಮುಚ್ಚಿದೆ, ಸರಿಯಾಯ್ತು. ಗಾಡಿಯವರ ಹತ್ರ ಅರ್ಧ ದಿನದ ಮಜೂರಿ ಕೇಳ್ಲಿಕ್ಕೆ ನನಗೇ ನಾಚಿಕೆ ಆಯ್ತು. ನೀವು ಪುನಃ ಹೋಗುವಾಗ ಮೊದಲು ಗಾಡಿಯ ಹಿಂದಿನ ಆ ಸಣ್ಣ ಬಾಗಿಲು ತೆರೆದು ನೋಡಿ.