ಖಾಲಿ ಹೊಟ್ಟೆಯ ಸದ್ದಿಗೆ ಭೇದಿಯ ಪುಡಿ ಬೇಡ

ಪ್ರಶ್ನೆ: ಊಟವಾಗಿ ನಾಲ್ಕು ಗಂಟೆ ಕಳೆದರೆ ನನ್ನ ಹೊಟ್ಟೆ ಜೋರಾಗಿ ಗುರುಗುಟ್ಟುತ್ತದೆ. ಕರುಳಿನಲ್ಲಿ ಹಳೆಯ ಆಹಾರ ಕೊಳೆಯುತ್ತಿದೆ ಎಂದು ಹೇಳಿದ ಒಬ್ಬರು ಪ್ರತಿ ತಿಂಗಳೂ ಭೇದಿಗೆ ಪುಡಿ ಕೊಡುತ್ತಿದ್ದಾರೆ. ಸದ್ದಾದಾಗಲೆಲ್ಲ ಏನಾದರೂ ತಿಂದು ಸುಮ್ಮನಾಗಿಸುತ್ತೇನೆ. ಇದು ಯಾವ ರೋಗ?

ಉತ್ತರ: ರೋಗವಲ್ಲ, ಪುಡಿಯನ್ನು ಇಂದೇ ನಿಲ್ಲಿಸಿ. ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ, ಅದರ ಜೊತೆಗೆ ಯಾರೋ ಕೊಟ್ಟ ಪುಡಿಯ ಕಥೆಯೂ ತಪ್ಪದೆ ಬರುತ್ತದೆ. ಹಾಗಾಗಿ ಈ ಬಾರಿ ಹೆಚ್ಚಿನ ಜಾಗವನ್ನು ಇದಕ್ಕೇ ಕೊಡುತ್ತಿದ್ದೇನೆ.

ಎಂಡೋಸ್ಕೋಪಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಪರೀಕ್ಷೆ, ಮಾಡುವಾಗ ಜಠರದ ಚಲನೆಯನ್ನು ನಾವು ಕಣ್ಣಾರೆ ಕಾಣುತ್ತೇವೆ. ಸುಮಾರು 20 ಸೆಕೆಂಡಿಗೊಮ್ಮೆ ಉಂಗುರದಂಥ ಒಂದು ಬಿಗಿತ ಜಠರದ ನಡುವಿನಿಂದ ಎದ್ದು ನಿಧಾನವಾಗಿ ಕೆಳಗೆ ಸರಿಯುತ್ತದೆ, ಅದು ಸಮೀಪಿಸುತ್ತಿದ್ದಂತೆ ಕೆಳದ್ವಾರ ಮುಚ್ಚಿಕೊಳ್ಳುತ್ತದೆ. ಊಟದ ಬಳಿಕ ಇಂಥ ಅಲೆಗಳೇ ಆಹಾರವನ್ನು ಆ ದ್ವಾರದತ್ತ ಒತ್ತಿ, ಹಿಂದಕ್ಕೆ ಚಿಮ್ಮಿಸಿ, ಮತ್ತೆ ಒತ್ತಿ ಅರೆಯುತ್ತವೆ; ಒಂದೆರಡು ಮಿಲಿಮೀಟರಿಗಿಂತ ಸಣ್ಣಗಾದ ಚೂರುಗಳಷ್ಟೇ ಸಣ್ಣ ಕರುಳಿಗೆ ಇಳಿಯುತ್ತವೆ. ಸಾಧಾರಣ ಊಟದ ಬಹುಪಾಲು ನಾಲ್ಕು ಗಂಟೆಯೊಳಗೆ ಜಠರವನ್ನು ದಾಟಿರುತ್ತದೆ. ಜಿಡ್ಡು ಹೆಚ್ಚಿದ್ದರೆ ಸಣ್ಣ ಕರುಳೇ ಹಾರ್ಮೋನಿನ ಮೂಲಕ ಜಠರವನ್ನು ತಡೆದು ನಿಧಾನಗೊಳಿಸುತ್ತದೆ.

ಹೊಟ್ಟೆ ಖಾಲಿಯಾದ ಮೇಲೆ ನಡೆಯುವುದು ಬೇರೆಯೇ ಕೆಲಸ. ಸುಮಾರು 90ರಿಂದ 120 ನಿಮಿಷಗಳಿಗೊಮ್ಮೆ, ಮೋಟಿಲಿನ್ ಎಂಬ ಹಾರ್ಮೋನಿನ ಪ್ರಚೋದನೆಯಿಂದ, ಜಠರದಲ್ಲಿ ಬಲವಾದ ಸಂಕೋಚನಗಳ ಸರಣಿಯೊಂದು ಆರಂಭವಾಗಿ ಸಣ್ಣ ಕರುಳಿನುದ್ದಕ್ಕೂ ಸಾಗುತ್ತದೆ. ಅರೆಯಲಾಗದೆ ಉಳಿದ ಚೂರುಗಳನ್ನೂ ಲೋಳೆಯನ್ನೂ ಉದುರಿದ ಜೀವಕೋಶಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಅದು ದೊಡ್ಡ ಕರುಳಿನ ಕಡೆಗೆ ಗುಡಿಸಿಕೊಂಡು ಹೋಗುತ್ತದೆ. ಗಾಳಿ ಮತ್ತು ದ್ರವ ಒಟ್ಟಿಗೆ ಹಿಂಡಿದಾಗ ಕೇಳಿಸುವುದೇ ನಿಮ್ಮನ್ನು ಹೆದರಿಸಿದ ಆ ಸದ್ದು. ಕೊಳೆ ಸೇರಿದೆ ಎಂದು ನಿಮ್ಮನ್ನು ನಂಬಿಸಿದವರು, ಕೊಳೆ ತೆಗೆಯುವ ಕೆಲಸದ ಸದ್ದನ್ನೇ ರೋಗವೆಂದು ತೋರಿಸಿದ್ದಾರೆ. ಇದು ನನಗೆ ಸಿಟ್ಟು ತರಿಸುತ್ತದೆ, ಏಕೆಂದರೆ ಪದೇ ಪದೇ ಭೇದಿ ಮಾಡಿಸಿದರೆ ದೇಹ ನೀರನ್ನೂ ಪೊಟ್ಯಾಸಿಯಂ ಅನ್ನೂ ಕಳೆದುಕೊಳ್ಳುತ್ತದೆ, ಪೊಟ್ಯಾಸಿಯಂ ಇಳಿದರೆ ಕರುಳಿನ ಸ್ನಾಯುಗಳೇ ಸೋಲುತ್ತವೆ, ಹೃದಯದ ಬಡಿತವೂ ತಪ್ಪಬಹುದು.

ಸದ್ದಾದಾಗಲೆಲ್ಲ ತಿನ್ನುವ ಅಭ್ಯಾಸವನ್ನೂ ಬಿಡಿ. ತುತ್ತು ಒಳಗೆ ಹೋದೊಡನೆ ಈ ಗುಡಿಸುವ ಚಲನೆ ನಿಂತು ಅರೆಯುವ ಚಲನೆ ಶುರುವಾಗುತ್ತದೆ. ಊಟಗಳ ನಡುವೆ ಮೂರು–ನಾಲ್ಕು ಗಂಟೆ ಬಿಡುವು ಕೊಟ್ಟು ನೋಡಿ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಊಟದ ಹೊತ್ತನ್ನು ಬದಲಿಸಕೂಡದು.

ಸದ್ದಿನ ಜೊತೆಗೆ ಹಿಂಡುವ ನೋವು, ಉಬ್ಬಿದ ಹೊಟ್ಟೆ, ವಾಂತಿ ಇದ್ದು, ಮಲವೂ ಗಾಳಿಯೂ ಹೋಗದಿದ್ದರೆ ಅದು ಕರುಳು ಕಟ್ಟಿದ ಲಕ್ಷಣವಿರಬಹುದು. ಒಂದು ಗಂಟೆಯನ್ನೂ ಕಾಯದೆ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ತಿಂದದ್ದು ರಾತ್ರಿ ಹಾಗೆಯೇ ವಾಂತಿಯಾದರೆ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಅಥವಾ ಹಳೆಯ ಮಧುಮೇಹಿಗಳಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ ಪರೀಕ್ಷೆ ಮಾಡಿಸಲೇಬೇಕು.

ಪ್ರಶ್ನೆ: ಊಟದ ನಡುವೆ ನೀರು ಕುಡಿದರೆ ಜೀರ್ಣರಸ ತೆಳುವಾಗಿ ಆಹಾರ ಜೀರ್ಣವಾಗುವುದಿಲ್ಲವೇ?

ಉತ್ತರ: ಆಗುತ್ತದೆ. ನೀರು ಘನ ಆಹಾರಕ್ಕಿಂತ ಬಹಳ ಬೇಗ ಜಠರವನ್ನು ದಾಟುತ್ತದೆ, ಜಠರ ಅಗತ್ಯವಿದ್ದಷ್ಟು ಆಮ್ಲವನ್ನು ಮತ್ತೆ ಸುರಿಸುತ್ತದೆ.

ಪ್ರಶ್ನೆ: ಊಟದ ಮೇಲೆ ಹಣ್ಣು ತಿಂದರೆ ಜಠರದಲ್ಲಿ ಕೊಳೆಯುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಬೇಗ ಜೀರ್ಣವಾಗಲೆಂದು ಎರಡು ವರ್ಷದಿಂದ ದಿನವೂ ಆಮ್ಲ ತಗ್ಗಿಸುವ ಮಾತ್ರೆ ನುಂಗುತ್ತಿದ್ದೇನೆ. ಮುಂದುವರಿಸಲೇ?

ಉತ್ತರ: ಆ ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆ, ಜಠರವನ್ನು ಬೇಗ ಖಾಲಿ ಮಾಡಿಸುವುದಿಲ್ಲ. ಅದನ್ನು ನಿಮಗೆ ಯಾರು, ಯಾವ ಕಾರಣಕ್ಕೆ ಬರೆದರು ಎಂಬುದನ್ನು ಈ ವಾರವೇ ವೈದ್ಯರ ಮುಂದೆ ಕುಳಿತು ಕೇಳಿ. ಹುಣ್ಣು ಅಥವಾ ಅನ್ನನಾಳದ ಗಾಯಕ್ಕೆ ಕೊಟ್ಟದ್ದಾದರೆ ನೀವಾಗಿಯೇ ನಿಲ್ಲಿಸಬೇಡಿ.